ಮುಂದಿನ ಸೀಟು ಯಾರಿಗೆ?

"ನನ್ನ ಕಾಲು ನೋಡಿ ಮುಂದಿನ ಸೀಟು ಕೊಟ್ಟೀರೇನ್ರೀ?"

ದಾಂಡೇಲಿ ಕಾಡಂಚಿನ ರೆಸಾರ್ಟಿನಲ್ಲಿ, ಬೆಳಗಿನ ಸಫಾರಿ ಜೀಪಿನ ಮುಂದೆ ದಾಕ್ಷಾಯಿಣಿ ಕೇಳಿದ ಪ್ರಶ್ನೆಗೆ ಗೈಡ್ ಅಮರೇಶ ತಬ್ಬಿಬ್ಬಾದ.

"ಹಂಗಲ್ರೀ ಮೇಡಂ..."

"ಮತ್ತ ಹತ್ತಾಕ ಇಟ್ಟ ಈ ಸ್ಟೂಲು?"

ಉತ್ತರಕ್ಕೂ ಕಾಯದೆ, ಕುಂಟುವ ಕಾಲನ್ನು ತಾನೇ ಎತ್ತಿಟ್ಟು ಹಿಂದಿನ ಸಾಲಿಗೆ ಹತ್ತಿಬಿಟ್ಟಳು. ಸೋದರತ್ತೆ ಗೌರಕ್ಕನ ಜೊತೆ ರಜೆಗೆ ಬಂದು ಮೂರು ದಿನ. ಅಷ್ಟರಲ್ಲೇ ಮನಸ್ಸು ಅಮರೇಶನ ನಗುವಿಗೆ ಸೋತಿತ್ತು.

ಹೆಣ್ಣು ನೋಡಲು ಬಂದವರೆಲ್ಲ ಮೊದಲು ಕಾಲು ನೋಡಿ, ಆಮೇಲೆ 'ಪಾಪ' ಅಂದು ಹೋದವರೇ.

'ಇವನೂ ಅಷ್ಟೇ! ಬರೀ ಕನಿಕರ...' ಅವಳ ಕಣ್ಣು ತುಂಬಿತು.

ಕಾಡಿನೊಳಗೆ ದಾರಿ ಕವಲಾಗುವಲ್ಲಿ ಜೀಪು ನಿಂತಿತು. ದಾಕ್ಷಾಯಿಣಿ ನವನಗರದಲ್ಲಿ ಮಕ್ಕಳಿಗೆ ಹಾಡು ಕಲಿಸುವವಳು. ಎಡಗಡೆ ದೂರದಲ್ಲಿ ಕೂಗುತ್ತಿದ್ದ ಮುಸುವ ಕೋತಿಯ ದನಿ ಥಟ್ಟನೆ ಏರಿದ್ದು ಅವಳಿಗೆ ಕೇಳಿಸಿತು.

"ಎಡಕ್ಕ ಹೋಗ್ರಿ... ಆ ಮುಸುವ ಏನೋ ಕಂಡು ಅಂಜೇತಿ!"

ಉಳಿದವರು ನಕ್ಕರು. ಅಮರೇಶ ನಗಲಿಲ್ಲ. ಮರುಮಾತಿಲ್ಲದೆ ಡ್ರೈವರ್ ಹುಲಗೇಶನಿಗೆ ಎಡಕ್ಕೆ ಸನ್ನೆ ಮಾಡಿದ.

ಸ್ವಲ್ಪ ದೂರದಲ್ಲಿ ಬಿದಿರು ಅಲುಗಿತು. ಕರಿಚಿರತೆ! ಎಣ್ಣೆ ಹಚ್ಚಿದಂತೆ ಹೊಳೆಯುವ ಮೈ... ನಿಧಾನವಾಗಿ ದಾರಿ ದಾಟಿ ಮರೆಯಾಯಿತು.

ರೆಸಾರ್ಟಿಗೆ ಮರಳಿದಾಗ ಸುದ್ದಿ ಕೇಳಿದ ಅಡುಗೆಯವರೂ ಹೊರಬಂದು ದಾಕ್ಷಾಯಿಣಿಗೆ ಚಪ್ಪಾಳೆ ತಟ್ಟಿದರು!

ಅಮರೇಶ ಅವಳ ಮುಂದೆ ಚಹಾ ಇಟ್ಟ.

"ಕಿವಿ ಚುರುಕಿದ್ದವ್ರನ್ನ ಮುಂದ ಕುಂಡ್ರಸೋದು ನನ್ನ ಪದ್ಧತಿರಿ. ನಿನ್ನೆ ಸಂಜಿ ಸಫಾರಿಯೊಳಗ ಮಂದಿ ಎಲ್ಲಾ ಮೊಬೈಲ್ ನೋಡಾಕತ್ತಿದ್ರು. ಹಕ್ಕಿ ಸುಮ್ಮನಾದದ್ದು ಗೊತ್ತಾಗಿದ್ದು ನಿಮಗೊಬ್ರಿಗೇ."

"ಸ್ಟೂಲು?"

"ಅದು ನನಗವ್ವಾ!" ಅವಲಕ್ಕಿ ತಿನ್ನುತ್ತಿದ್ದ ಗೌರಕ್ಕ ಗದರಿದಳು. "ಈ ಮೊಣಕಾಲು ಇಟ್ಕೊಂಡು ನಾ ಹೆಂಗ ಹತ್ಲಿ? ನಾನ ಕೇಳಿದ್ದೆ."

ದಾಕ್ಷಾಯಿಣಿ ತಲೆ ತಗ್ಗಿಸಿದಳು. "ತಪ್ಪಾತ್ರಿ... ಕನಿಕರ ಅಂದ್ಕೊಂಡೆ."

"ಕನಿಕರಕ್ಕ ಯಾರರ ಗಾಡಿ ತಿರುಗಸ್ತಾರೇನ್ರಿ?" ಅವನ ದನಿ ಮೆತ್ತಗಾಯಿತು. "ನೀವಂದ್ರ ನನಗ ಭಾಳ ಇಷ್ಟರಿ. ಸೋಮವಾರ ಅವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲಿ?"

"ಹೆಣ್ಣು ನೋಡಾಕ?"

"ಅಲ್ರಿ. ಈ ಸಲ ಗಂಡು ನೋಡೋದು ನೀವು."

ಅವಳು ತಲೆಯೆತ್ತಿದಳು. ಎಷ್ಟೋ ವರ್ಷಗಳ ಭಾರ ಇಳಿದಂತೆ ನಕ್ಕಳು.

"ಹಂಗಾದ್ರ ನೀವ ಒಂದು ಹಾಡು ಹೇಳಬೇಕು."

"ಅಯ್ಯ! ನನಗ ಹಾಡಾಕ ಬರಂಗಿಲ್ರಿ..."

"ಗೊತ್ತೈತಿ. ಮೂರು ದಿನದಿಂದ ನಿಮ್ಮ ಗುನುಗು ಕೇಳಾಕತ್ತೇನಿ," ಅಂದಳು ದಾಕ್ಷಾಯಿಣಿ. "ಆದ್ರೂ... ನನ್ನ ಒಪ್ಪಿಗಿ ಐತ್ರಿ."