ಸೋಮವಾರದ ಸೆಕೆ

ಆದಿವಾಲದ ದಾಕ್ಷಾಯಿಣಿ ಮೂರು ಕೊಟೇಶನ್‌ಗಳನ್ನು ನನ್ನ ಜೆರಾಕ್ಸ್ ಮೆಷಿನ್ ಮೇಲಿಟ್ಟು, "ಒಂದೊಂದು ಕಾಪಿ ತೆಗೀರಿ" ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಾಕಿ ಅತ್ತರೆ ನನಗೆ ಕೈಕಾಲೇ ಆಡುವುದಿಲ್ಲ. ಪುಣ್ಯಕ್ಕೆ ಅಂಗಡಿಯ ಬೆಂಚಿನ ಮೇಲೆ ಮಹಾದೇವಮ್ಮ ಮೇಡಂ ಪೇಪರ್ ಓದುತ್ತ ಕೂತಿದ್ದರು.

ಮೇಡಂ ಹಿರಿಯೂರಿನ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಊರವರು ಬಿಡಿಸಲಾಗದ ಗಂಟುಗಳನ್ನೆಲ್ಲ ಅವರ ಬಳಿಗೇ ತರುತ್ತಿದ್ದರು. ನಾನು ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವವನು, ನಡುವೆ ಬಾಯಿ ಹಾಕಿ ಬೈಸಿಕೊಳ್ಳುವವನು. ಇಪ್ಪತ್ತು ವರ್ಷವಾದರೂ ಅವರ ಲೆಕ್ಕದಲ್ಲಿ ನಾನಿನ್ನೂ ಕಡೇ ಬೆಂಚಿನ ಲಕ್ಷ್ಮೀಕಾಂತ.

"ಕುಂತ್ಕಳವ್ವ. ಏನಾಯ್ತು, ಮೊದಲಿಂದ ಹೇಳು" ಎಂದರು ಮೇಡಂ.

ದಾಕ್ಷಾಯಿಣಿ ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆಯ ಮರಿಹುಳು ಸಾಕಿ ರೈತರಿಗೆ ಕೊಡುತ್ತಿದ್ದಳು. ಮೊದಲು ಕೋಣೆಯ ಬಿಸಿ ನೋಡಿಕೊಳ್ಳುತ್ತಿದ್ದವಳು ಕೂಲಿಗೆ ಬರುವ ಏಕಾಂತಮ್ಮ, ಇದ್ದಿಲ ಒಲೆ ಇಟ್ಟು, ಕೈಯಂದಾಜಿನಲ್ಲಿ. ಎರಡು ತಿಂಗಳ ಹಿಂದೆ ಗೋಡೆಗೆ ಸ್ಮಾರ್ಟ್ ಥರ್ಮೋಸ್ಟಾಟ್ ಬಂತು. ಇಪ್ಪತ್ತೇಳು ಡಿಗ್ರಿಗೆ ಇಟ್ಟರೆ ಸಾಕು, ಹೀಟರನ್ನು ಅದೇ ಹಚ್ಚಿ ಅದೇ ಆರಿಸುತ್ತಿತ್ತು. ಲೆಕ್ಕವೆಲ್ಲ ಮೊಬೈಲಿಗೆ ಬರುತ್ತಿತ್ತು.

"ಆಮೇಲೆ ಕೆಟ್ಟಿದ್ದು ನೋಡ್ರಿ. ಒಂದೊಂದಿನ ಕೋಣೆ ಕಾದ ಕಾವಲಿ ಆಗಿರ್ತೈತೆ. ಎರಡು ಬ್ಯಾಚ್ ಹುಳು ಸೊಪ್ಪು ಮುಟ್ಟದೆ ಸತ್ವು. ಏಕಾಂತಮ್ಮನೇ ಹೀಟರ್ ತಿರುವ್ತಾಳೆ ಅಂತ ನನ್ನ ಅನುಮಾನ. ಯಂತ್ರ ಬಂದ್ಮೇಲೆ ಅವಳಿಗೆ ಮುನಿಸು. ನಾಳೆಯಿಂದ ಬರಬೇಡ ಅಂದುಬಿಟ್ಟೀನಿ. ಹನ್ನೆರಡು ವರ್ಷದಿಂದ ನಮ್ಮನೇಲಿ ಇದ್ದೋಳು ರೀ ಅವಳು."

ಯಂತ್ರವೇ ಕೆಟ್ಟಿದೆಯೇನೋ ಎಂದು ಅವಳು ಮೂವರು ರಿಪೇರಿಯವರನ್ನೂ ಕರೆಸಿದ್ದಳು. ನಾನು ಅವರ ಕೊಟೇಶನ್‌ಗಳನ್ನು ನೋಡಿದೆ. ಚಿತ್ರದುರ್ಗದ ಕಲ್ಲೇಶ್ ಗುರುವಾರ ಬಂದು ನೋಡಿ, ಇಡೀ ಸೆಟ್ಟನ್ನೇ ಬದಲಿಸಬೇಕೆಂದು ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದ. ಹೊಸದುರ್ಗದ ಪ್ರದೀಪ್ ಶನಿವಾರ ಬಂದು, ಕರೆಂಟಿನ ಏರಿಳಿತ, ಸ್ಟೆಬಿಲೈಸರ್ ಹಾಕಿ ಎಂದಿದ್ದ. ಮೂರನೆಯದು ಹೊಳಲ್ಕೆರೆಯ ತಿಪ್ಪೇಶನದು, ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅವನು ಸೋಮವಾರ ಮಧ್ಯಾಹ್ನ ಬಂದವನು ಎರಡೇ ಸಾಲು ಬರೆದಿದ್ದ: "ಸೆನ್ಸರ್ ತುದಿಗೆ ಬಿಳಿ ಪುಡಿ ಮೆತ್ತಿದೆ, ಇನ್ನೂ ಹಸಿಯಾಗಿದೆ. ಒರೆಸಿ ಒಂದು ವಾರ ನೋಡಿ, ಆಮೇಲೆ ರೇಟ್ ಹೇಳುತ್ತೇನೆ."

"ಇವನಿಗೆ ಕೊಟೇಶನ್ ಬರೆಯೋಕೂ ಬರಲ್ಲ" ಎಂದೆ.

"ನೀನು ರೇಟ್ ಓದ್ತಿದ್ದೀಯ. ಯಾರು ಏನು ಕಂಡ್ರು, ಯಾವತ್ತು ಕಂಡ್ರು, ಅದನ್ನ ಓದು" ಎಂದರು ಮೇಡಂ. ಬೈಸಿಕೊಂಡೆ ಎನ್ನುವುದು ಸ್ಕೂಟರ್ ಹತ್ತಿದ ಮೇಲೆ ಗೊತ್ತಾಯಿತು.

ಆದಿವಾಲದ ಆ ಮನೆ ಕನ್ನಡಿಯ ಹಾಗೆ ಚೊಕ್ಕವಾಗಿತ್ತು. ಬಾಗಿಲು, ನೀರಿನ ಫಿಲ್ಟರ್, ಔಷಧಿ ಹೊಡೆಯುವ ಪಂಪು, ಎಲ್ಲದರ ಮೇಲೂ ಮೂರು ಬೆರಳಿನ ವಿಭೂತಿ. ದಾಕ್ಷಾಯಿಣಿಯ ಅತ್ತೆ ಕಮಲಮ್ಮ ನಮಗೆ ನೀರು ಕೊಟ್ಟು ಮಾತಾಡಿಸಿದರು. ಹುಳುವಿನ ಕೋಣೆಗೆ ಹೋಗುವ ಮುಂಚೆ ಕಾಲು ತೊಳೆಸಿದರು, ಸುಣ್ಣದ ಪುಡಿಯ ತಟ್ಟೆ ತುಳಿಸಿದರು. ಸೋಂಕು ಬಂದರೆ ಹುಳು ಉಳಿಯುವುದಿಲ್ಲವಂತೆ.

ಒಳಗೆ ತಟ್ಟೆಗಳು ಖಾಲಿಯಿದ್ದವು. ಹೊಸ ಮರಿ ಮುಂದಿನ ಮಂಗಳವಾರ ಬರಬೇಕಿತ್ತು. ಥರ್ಮೋಸ್ಟಾಟ್ ಡಬ್ಬಿಯ ಕೆಳಗೆ ಬೆರಳುದ್ದದ ಸೆನ್ಸರ್ ಇಳಿಬಿದ್ದಿತ್ತು, ಅದರ ತುದಿ ಬೆಳ್ಳಗಿತ್ತು. ಪಕ್ಕದ ಮೊಳೆಗೆ ಹಳೆಯ ಗಾಜಿನ ಥರ್ಮಾಮೀಟರ್ ನೇತಾಡುತ್ತಿತ್ತು.

"ಅದು ಸುಣ್ಣ ರೀ. ಹುಳು ಜ್ವರಕ್ಕೆ ಕುಂತು ಪೊರೆ ಬಿಡುವಾಗ ಉದುರಿಸ್ತೀವಿ, ಹಾರಿ ಮೆತ್ಕಂಡಿರ್ತೈತೆ" ಎಂದಳು ದಾಕ್ಷಾಯಿಣಿ.

ಮೇಡಂ ಅಡುಗೆಮನೆಯಿಂದ ಅರಿಶಿನ ತರಿಸಿ, ನೀರಲ್ಲಿ ಕಲಸಿ, ನೆಲದ ಮೇಲಿನ ಸುಣ್ಣಕ್ಕೆ ಮುಟ್ಟಿಸಿದರು. ಕುಂಕುಮದಂತೆ ಕೆಂಪಾಯಿತು. ಸೆನ್ಸರಿನ ಪುಡಿಯನ್ನು ಉಗುರಲ್ಲಿ ಕೆರೆದು ಅದಕ್ಕೂ ಮುಟ್ಟಿಸಿದರು. ಅದು ಹಳದಿಯಾಗಿಯೇ ಉಳಿಯಿತು. ಆಮೇಲೆ ದಾಕ್ಷಾಯಿಣಿಯ ಮೊಬೈಲ್ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಸೋಮವಾರ ಬೆಳಿಗ್ಗೆ ಈ ಕೋಣೆಗೆ ಯಾರ್ ಯಾರು ಹೋಗ್ತಾರೆ?"

"ಏಕಾಂತಮ್ಮ ಎಂಟಕ್ಕೆ ಬರ್ತಾಳೆ. ಅದಕ್ಕಿಂತ ಮುಂಚೆ ಯಾರೂ ಹೋಗಲ್ಲ. ಹೊರಗಿನೋರನ್ನ ನಾವು ಬಿಡೋದೇ ಇಲ್ಲ."

"ಏಕಾಂತಮ್ಮನ್ನ ಕರೆಸು" ಎಂದರು ಮೇಡಂ.

ಅವಳು ಬಂದು ಕಂಬಕ್ಕೆ ಒರಗಿ ನಿಂತಳು, ಕೂರು ಎಂದರೂ ಕೂರಲಿಲ್ಲ. ದಾಕ್ಷಾಯಿಣಿ ಅವಳ ಮುಖ ನೋಡಲಿಲ್ಲ. ನಡುಮನೆಯಲ್ಲಿ ಗಾಳಿಯೇ ಇಲ್ಲದ ಹಾಗಿತ್ತು. ಏನೂ ತಪ್ಪು ಮಾಡದ ನನಗೇ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು.

ಮೇಡಂ ಪಾಠದ ದನಿಯಲ್ಲಿ ಶುರು ಮಾಡಿದರು. "ಮೊದಲು ಮೂರು ಕೊಟೇಶನ್. ಕಲ್ಲೇಶ್, ಪ್ರದೀಪ್ ಬಂದ ದಿನ ಯಂತ್ರ ಸರಿಯಾಗೇ ಇತ್ತು. ಕಾಣದ ರೋಗಕ್ಕೆ ಇಬ್ಬರೂ ಔಷಧಿ ಬರೆದ್ರು. ತಿಪ್ಪೇಶ ಒಬ್ಬನೇ ಸೋಮವಾರ ಬಂದ, ಅವನೊಬ್ಬನೇ ಹಸಿ ಪುಡಿ ಕಂಡ. ಎರಡನೇದು, ಮೊಬೈಲ್ ಲೆಕ್ಕ. ಕೋಣೆ ಕಾವಲಿ ಆದ ದಿನಗಳೆಲ್ಲ ಸೋಮವಾರಗಳು. ಅಷ್ಟೂ ದಿನ ಬೆಳಿಗ್ಗೆ ಆರಕ್ಕೆ ಯಂತ್ರ ಇಪ್ಪತ್ನಾಲ್ಕು ತೋರಿಸೈತೆ. ತಣ್ಣಗಾಯ್ತು ಅಂತ ತಿಳಿದು ತಾನೇ ಹೀಟರ್ ಹಚ್ಚೈತೆ. ಏಕಾಂತಮ್ಮ ಬರೋದು ಎಂಟಕ್ಕೆ. ಆರಕ್ಕೆ ಆದ ತಪ್ಪನ್ನ ಅವಳು ಹೆಂಗ್ ಮಾಡ್ತಾಳೆ?"

ದಾಕ್ಷಾಯಿಣಿ ತಲೆ ಎತ್ತಿದಳು. "ಕೋಣೆ ಬಿಸಿ ಇದ್ದಾಗ ಅದ್ಯಾಕೆ ತಣ್ಣಗೈತೆ ಅಂತ ತೋರಿಸ್ತೈತೆ?"

ಮೇಡಂ ನಮ್ಮನ್ನು ಮತ್ತೆ ಕೋಣೆಗೆ ಕರೆದೊಯ್ದು, ಒದ್ದೆ ಬಟ್ಟೆಯನ್ನು ಸೆನ್ಸರಿಗೆ ಸುತ್ತಿದರು. ಮೊಬೈಲಿನ ಅಂಕಿ ನೋಡನೋಡುತ್ತ ಮೂರು ಡಿಗ್ರಿ ಇಳಿಯಿತು, ಹೀಟರ್ ಕಿಟ್ ಎಂದು ಹತ್ತಿಕೊಂಡಿತು. ಗಾಜಿನ ಥರ್ಮಾಮೀಟರ್ ಅಲ್ಲಾಡಲಿಲ್ಲ.

"ಹಸಿ ಆರುವಾಗ ತಂಪಾಗ್ತೈತೆ. ಮಣ್ಣಿನ ಗಡಿಗೆ ನೀರು ತಣ್ಣಗಿರಲ್ವಾ, ಹಂಗೆ. ಯಂತ್ರ ಕೆಟ್ಟಿಲ್ಲ. ಪ್ರತಿ ಸೋಮವಾರ ಆರು ಗಂಟೆಗೆ ಯಾರೋ ಅದನ್ನ ಒದ್ದೆ ಮಾಡ್ತಾರೆ, ಬಿಳಿ ಮೆತ್ತಿ ಹೋಗ್ತಾರೆ. ಸುಣ್ಣ ಅಲ್ಲ, ಅರಿಶಿನ ಹೇಳ್ತು. ಮನೆ ಬಾಗಿಲಿಗೆ, ಫಿಲ್ಟರಿಗೆ, ಪಂಪಿಗೆ ಏನು ಹಚ್ಚಿದ್ದೀರೋ ಅದೇ. ಕಣ್ಣೆದುರಿಗೇ ಐತೆ, ದಿನಾ ಇರೋದ್ರಿಂದ ಯಾರಿಗೂ ಕಂಡಿಲ್ಲ."

ಎಲ್ಲರೂ ಕಮಲಮ್ಮನ ಕಡೆ ತಿರುಗಿದರು.

"ಶಿವನ ವಾರ ಅಲ್ಲೇನ್ರಿ. ಸ್ನಾನ ಮಾಡಿ, ಒದ್ದೆ ಬಟ್ಟೇಲಿ ಒರೆಸಿ, ವಿಭೂತಿ ಕಲಸಿ ಹಚ್ತೀನಿ. ಸೊಸೆ ಸಾಲ ಮಾಡದೆ ತಂದ ಯಂತ್ರ, ಚೆನ್ನಾಗಿರ್ಲಿ ಅಂತ ಅದಕ್ಕೆ ಒಂದೀಟು ಜಾಸ್ತಿನೇ ಹಚ್ತಿದ್ದೆ" ಎಂದರು. "ನನ್ನ ಕೈಯಿಂದಲೇ ಆ ಜೀವ ಹೋದ್ವೇನವ್ವ?"

"ಅತ್ತೆ, ನೀವು ಒಳಗೆ ಹೋಗ್ತೀರಿ ಅಂತ ನನಗೆ ನೆನಪೇ ಆಗಲಿಲ್ಲ" ಎಂದಳು ದಾಕ್ಷಾಯಿಣಿ.

"ಅದೇ ನಿನ್ನ ತಪ್ಪು" ಎಂದರು ಮೇಡಂ. "ಮಡಿಯಲ್ಲಿ ಪೂಜೆಗೆ ಹೋದೋರು ನಿನ್ನ ಲೆಕ್ಕಕ್ಕೆ ಒಳಗೆ ಹೋದೋರೇ ಅಲ್ಲ. ಕೂಲಿಗೆ ಬಂದೋಳು ಮಾತ್ರ ಹೋದೋಳು."

ಆಗ ಏಕಾಂತಮ್ಮ ಮೊದಲ ಸಲ ಬಾಯಿ ಬಿಟ್ಟಳು.

"ನಾ ನೋಡಿದ್ದೆ. ಎಂಟಕ್ಕೆ ಬಂದಾಗ ಡಬ್ಬಿ ತುದಿ ಹಸಿ ಇರ್ತಿತ್ತು, ಕೋಣೆ ಸುಡ್ತಿತ್ತು. ಕಿಟಕಿ ತೆಗ್ದು ಸುಮ್ನಾಗ್ತಿದ್ದೆ."

"ಮತ್ತೆ ಹೇಳಬಾರದಿತ್ತೇ?" ಎಂದೆ ನಾನು.

"ದೊಡ್ಡಮ್ಮನ ವಿಭೂತಿಯಿಂದ ಹುಳು ಸಾಯ್ತವೆ ಅಂತ ನಾನು ಅಂದಿದ್ರೆ, ನೀವು ನಂಬ್ತಿದ್ರೇನಪ್ಪ?"

ದಾಕ್ಷಾಯಿಣಿ ಎದ್ದು ಅವಳ ಎದುರಿಗೆ ಹೋಗಿ ನಿಂತಳು. "ತಪ್ಪಾಯ್ತು ಏಕಾಂತಮ್ಮ. ನಾಳೆ ಬಾ."

"ಬರ್ತೀನಿ. ಇನ್ಮೇಲೆ ಕೇಳಿ ಬಯ್ರಿ, ಬಯ್ದು ಕೇಳಬೇಡ್ರಿ" ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ನನಗೆ ಇನ್ನೂ ನೆನಪಿದೆ.

ಮುಂದಿನ ಸೋಮವಾರ ತಿಪ್ಪೇಶನನ್ನು ಕರೆದುಕೊಂಡು ನಾವು ಬೆಳಿಗ್ಗೆಯೇ ಅಲ್ಲಿಗೆ ಹೋದೆವು. ಸೆನ್ಸರಿಗೆ ಜಾಲರಿ ಹಾಕಿಸುವುದಿತ್ತು. ಏಕಾಂತಮ್ಮ ಅಂದು ಆರಕ್ಕೇ ಬಂದಿದ್ದಳು. ಕಮಲಮ್ಮ ಕೋಣೆಯ ಹೊಸ್ತಿಲ ಆಚೆ ವಿಭೂತಿ ಬಟ್ಟಲು ಹಿಡಿದು, ಒಳಗೆ ಕಾಲಿಡದೆ ಕಾಯುತ್ತ ನಿಂತಿದ್ದರು.

"ಎಲ್ಲಿ ಹಚ್ಲಿ, ನೀನೇ ತೋರ್ಸವ್ವ" ಎಂದು ಅವಳನ್ನು ಕೇಳಿದರು.

ಏಕಾಂತಮ್ಮ ಸುತ್ತ ನೋಡಿ ಬಾಗಿಲ ಚೌಕಟ್ಟು ತೋರಿಸಿದಳು. ಕಮಲಮ್ಮ ಅಲ್ಲಿ ಮೂರು ಗೆರೆ ಎಳೆದರು. ಬೆರಳಲ್ಲಿ ಉಳಿದದ್ದನ್ನು ಏಕಾಂತಮ್ಮನ ಹಣೆಗೆ ಹಚ್ಚಿದರು.