ದೇವರ ಗೂಡಿನಲ್ಲಿ ಕಿರಣಮಾಲಿನಿ

“ಅಯ್ಯೋ ಅಜ್ಜಿ! ಅದು ದ್ಯಾವ್ರಲ್ಲ, ಕಾಮಿಕ್ಸು!”

ರಂಜಿತ ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ದ್ಯಾವಮ್ಮಜ್ಜಿ ಮಾತ್ರ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು, ದೇವರ ಗೂಡಿನ ಮುಂದೆ ನಿಂತೇ ಇದ್ದಳು.

ಗೂಡಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದ್ದ ರಟ್ಟಿನ ಚಿತ್ರದಲ್ಲಿ ಕಾಮಿಕ್ಸಿನ ನಾಯಕಿ ಕಿರಣಮಾಲಿನಿ ನಗುತ್ತಿದ್ದಳು. ನಾಲ್ಕು ಕೈ, ಅಂಗೈಯಲ್ಲಿ ಬೆಳಕು, ಕೂತಿರುವುದು ಬಿಳಿ ಚಿರತೆಯ ಮೇಲೆ. ಈಗ ಹಣೆಗೆ ಇಷ್ಟಗಲ ಕುಂಕುಮ ಬೇರೆ! ಪಾಪ, ಅಜ್ಜಿಗೆ ಓದಲು ಬರುವುದಿಲ್ಲ. ಅಂಥ ಚಿತ್ರ ಕಂಡರೆ ಯಾರು ತಾನೇ ಕೈ ಮುಗಿಯುವುದಿಲ್ಲ?

“ಬೆಳಗ್ಗೆ ಎಮ್ಮೆ ಈಯಕ್ಕಾಗ್ದೆ ಒದ್ದಾಡ್ತಿತ್ತು ಕಣವ್ವ. ನಿನ್ನ ಬ್ಯಾಗಿಂದ ಈ ತಾಯಿ ಇಣುಕುದ್ಲು. ಕಿತ್ತು ಇಲ್ಲಿ ಅಂಟಿಸಿ, ‘ಕಾಪಾಡವ್ವ’ ಅಂದೆ. ಅಷ್ಟ್ರಲ್ಲಿ ಕರ ಈಚ್ಗೆ ಬಂದ್ಬುಡ್ತು! ಈಗ ತೆಗಿ ಅಂದ್ರೆ ಎಂಗವ್ವ ತೆಗೀಲಿ?”

ರಂಜಿತಳಿಗೆ ಅಳುವೇ ಬಂತು. ಪುಸ್ತಕ ಅವಳದಲ್ಲ, ಕ್ಲಾಸಿನಲ್ಲಿ ಪಕ್ಕದಲ್ಲೇ ಕೂರುವ ಆತಿಯಾಳದು. ಆತಿಯಾಳ ಅಬ್ಬಾ ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸಿನ ಡ್ರೈವರು. ಪ್ರತಿ ತಿಂಗಳೂ ಮಗಳಿಗೆ ಕಿರಣಮಾಲಿನಿಯನ್ನು ತಪ್ಪದೆ ತರುತ್ತಿದ್ದರು. ಇದೇ ಕೊನೆಯದು. ಕಾಮಿಕ್ಸ್ ಕಂಪನಿಯೇ ಮುಚ್ಚಿಹೋಗಿದೆ, ಇನ್ನೊಂದು ಬೇಕೆಂದರೂ ಸಿಗುವುದಿಲ್ಲ. ‘ಮೂಲೆ ಕೂಡ ಮಡಚಲ್ಲ’ ಎಂದು ಆಣೆ ಹಾಕಿಸಿಕೊಂಡೇ ಆತಿಯಾ ಕೊಟ್ಟಿದ್ದಳು. ಈಗ ಟೂ ಬಿಡುವುದು ಗ್ಯಾರಂಟಿ.

“ರಂಜೀ, ನನ್ ಬುಕ್ ಓದಿದ್ಯೇನೇ?”

ಬಾಗಿಲಲ್ಲಿ ಆತಿಯಾ! ರಂಜಿತ ರಟ್ಟಿಲ್ಲದ ಪುಸ್ತಕವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಏನು ಪ್ರಯೋಜನ? ಆತಿಯಾಳ ಕಣ್ಣು ಆಗಲೇ ಗೂಡಿನ ಮೇಲೆ ಬಿದ್ದಿತ್ತು.

“ಯಾ ಅಲ್ಲಾ! ನನ್ ಬುಕ್ಕಿನ ಕವರು!” ಅವಳ ಕಣ್ಣು ತುಂಬಿಕೊಂಡಿತು. “ಆಣೆ ಹಾಕಿದ್ದೆ ನೀನು.”

ಅಜ್ಜಿ ತಿರುಗಿದಳು. “ಓ, ಈ ತಾಯಿ ನಿಮ್ಮನೆಯಿಂದ ಬಂದೋಳಾ? ಬಾರವ್ವ, ಕೂತ್ಕೊ. ಯಾವೂರೋಳು ಇವಳು? ಏನಿವಳ ಕತೆ?”

ಹೀಗೆಂದು ಆತಿಯಾಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಮೂಗು ಒರೆಸಿಕೊಂಡು ಚಾಪೆಯ ಮೇಲೆ ಕೂತಳು.

“ಮೊದ್ಲು ಇವಳಿಗೆ ಸ್ವಂತ ಬುಕ್ಕೇ ಇರ್ಲಿಲ್ಲ ಅಜ್ಜಿ. ಒಬ್ಬ ಪತ್ತೇದಾರನ ಕಾಮಿಕ್ಸಲ್ಲಿ ಕೊನೇ ನಾಲ್ಕು ಪೇಜಲ್ಲಿ ಬರ್ತಿದ್ಲು, ಅಷ್ಟೇ. ಓದೋರೆಲ್ಲ ಇವಳೇ ಬೇಕು ಅಂದ್ರು. ಆಗ ಇವಳದ್ದೇ ಬುಕ್ ಬಂತು. ಮೊದ್ಲು ಎರಡೇ ಕೈ. ಹೊಸ ಆರ್ಟಿಸ್ಟ್ ಬಂದ್ಮೇಲೆ ನಾಲ್ಕಾಯ್ತು!”

“ಆಮ್ಯಾಕೆ?”

“ಎಲ್ರ ಮನೇಗೂ ಕೇಬಲ್ ಟಿವಿ ಬಂತಲ್ಲ, ಬುಕ್ ತಗೊಳ್ಳೋರೇ ಇಲ್ದಂಗಾಯ್ತು. ಈ ಕೊನೇ ಬುಕ್ಕಲ್ಲಿ ಮಾಂತ್ರಿಕ ಇವಳನ್ನ ಬಂಡೆ ಒಳಗೆ ಕೂಡಿ ಹಾಕ್ತಾನೆ. ಹೊರಗೆ ಬರೋದು ಮುಂದಿನ ಬುಕ್ಕಲ್ಲಿ. ಅಷ್ಟ್ರಲ್ಲಿ ಕಂಪನೀನೇ ಮುಚ್ಚೋಯ್ತು.” ಆತಿಯಾಳ ದನಿ ಸಣ್ಣಗಾಯಿತು. “ಇನ್ನೂ ಒಳಗೇ ಇದಾಳೆ.”

“ಎಲ್ಲಾರ ಉಂಟಾ!” ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. “ಬಂಡೆ ಒಳಗಿದ್ರೆ ಬೆಳಗ್ಗೆ ನಮ್ಮೆಮ್ಮೆ ಕಾಪಾಡ್ದೋಳು ಯಾರು? ಬಂದವ್ಳೆ ಕಣವ್ವ, ಈಚ್ಗೆ ಬಂದೇ ಬಂದವ್ಳೆ! ಎಂಗೆ ಬಂದ್ಲು ಅಂತ ನೀನೇ ಯೋಳ್ಬೇಕು. ಅಷ್ಟೂ ಬುಕ್ಕು ಓದಿರೋಳು ನೀನು ತಾನೆ?”

ಆತಿಯಾ ಗೂಡಿನತ್ತ ತಿರುಗಿ ನೋಡಿದಳು. ಕೊಟ್ಟಿಗೆಯಲ್ಲಿ ಕರು ಕೂಗಿತು. ಅವಳ ಮುಖ ಸಣ್ಣಗೆ ಅರಳಿತು.

“ಹೌದಲ್ವಾ! ಬಂಡೇಲಿ… ಬಂಡೇಲಿ ಒಂದು ಸಣ್ಣ ಬಿರುಕಿತ್ತು ಅಜ್ಜಿ. ಅದು ಮಾಂತ್ರಿಕಂಗೆ ಕಾಣಿಸಿರ್ಲಿಲ್ಲ…”

ಅವಳ ಕೈಗಳು ಗಾಳಿಯಲ್ಲಿ ಆಡತೊಡಗಿದವು, ಕಣ್ಣು ಮಿನುಗಿತು. ರಂಜಿತಳ ನಾಲಿಗೆ ತುದಿಯಲ್ಲಿ ‘ಸಾರಿ’ ಕಾಯುತ್ತಿತ್ತು. ಈಗ ಹೇಳಿದರೆ ಕತೆ ನಿಂತುಬಿಡುತ್ತದೆ. ಅವಳು ಸದ್ದಿಲ್ಲದೆ ಹೋಗಿ ಗೆಳತಿಯ ಪಕ್ಕ ನಿಂತಳು.

ಆತಿಯಾ ಕತೆ ನಿಲ್ಲಿಸಲಿಲ್ಲ. ಸುಮ್ಮನೆ ಒಂಚೂರು ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು.