ಐದನೇ ತಟ್ಟೆ

"ಈ ಹಾಡಿಗೆ ನಾನು ನುಡಿಸಲ್ಲ."

ಹಾಗಂದವನು ಕೈಯಲ್ಲಿದ್ದ, ಗಿಟಾರ್ ತಂತಿಯ ಮೇಲೆ ಜಾರಿಸುವ ಉಕ್ಕಿನ ತುಂಡನ್ನು ಮೆತ್ತಗೆ ಬಟ್ಟೆಯ ಮೇಲಿಟ್ಟ. ಟ್ರೆಸಾ ಗಿವೆನ್ಸ್ ಆಗ ಎರಡನೇ ಚರಣದ ನಡುವೆ ಇದ್ದಳು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

ನ್ಯಾಶ್‌ವಿಲ್‌ನ ಆ ಸ್ಟುಡಿಯೋದಲ್ಲಿ ಉಳಿದ ವಾದ್ಯಗಳೂ ಒಂದೊಂದಾಗಿ ನಿಂತವು. ಮ್ಯಾಂಡೊಲಿನ್ ಹಿಡಿದಿದ್ದ ಅಣ್ಣ ಎಲ್ಲಿಸ್ ತಂಗಿಯ ಮುಖ ನೋಡಿದ. ತಮ್ಮ ಡೇಲ್ ಡ್ರಮ್ಮಿನ ಹಿಂದೆ ತಲೆ ತಗ್ಗಿಸಿದ.

"ಯಾಕೆ? ಅಷ್ಟು ಕೆಟ್ಟದಾಗಿದ್ಯಾ?" ಟ್ರೆಸಾ ಕೇಳಿದಳು.

ಸ್ಟೀಲ್ ಗಿಟಾರ್ ನುಡಿಸಲು ಅಂದೇ ಮೊದಲ ಸಲ ಬಂದಿದ್ದ ಆ ಹಾಲಿಸ್ ಟೀಗ್ ಏನೋ ಹೇಳಲು ಬಾಯಿ ತೆರೆದ. ಆಮೇಲೆ ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಕೂತಿದ್ದ ಅವಳ ಅಪ್ಪನತ್ತ ನೋಡಿ ತಡೆದುಕೊಂಡ.

"ನಿಮ್ಮ ತಂದೆಯವರ ಹತ್ರ ಮಾತಾಡ್ತೀನಿ" ಎಂದು ಎದ್ದು ಹೋದ.

ಆಲ್ಬಂ ಮಾಡಿಸುತ್ತಿದ್ದವರು ಅವಳ ಅಪ್ಪ ವರ್ನನ್. ಕರೆದಾಗ ಬಂದು ನುಡಿಸಿ ಹೋಗುವ ವಾದಕರು ತಮ್ಮ ಅಭಿಪ್ರಾಯವನ್ನು ಹಾಡುವವರ ಮುಂದೆ ಹೇಳುವುದಿಲ್ಲ, ಮಾಡಿಸುವವರ ಕಿವಿಗೆ ಹಾಕುತ್ತಾರೆ. ಈ ರೂಢಿ ಟ್ರೆಸಾಗೂ ಗೊತ್ತಿತ್ತು. ಆದರೆ ಎಲ್ಲರೆದುರು ಮುಖಭಂಗವಾದ ಮೇಲೆ ರೂಢಿ ಗೀಢಿ ಯಾರಿಗೆ ನೆನಪಾಗುತ್ತದೆ?

ಸ್ವಲ್ಪ ಹೊತ್ತಿನ ಮೇಲೆ ವರ್ನನ್ ಒಬ್ಬರೇ ಒಳಗೆ ಬಂದರು.

"ನೋಡಮ್ಮಾ, ನಾವೇ ಕರೆಸಿದೋನು ನುಡಿಸಲ್ಲ ಅಂತಿದ್ದಾನೆ. ಇನ್ನು ಜನ ಕೇಳ್ತಾರಾ? ಬಿಟ್ಟುಬಿಡು ಅದನ್ನ."

"ಇನ್ನೇನಂದ ಅವನು?"

ವರ್ನನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಇನ್ನೇನಿಲ್ಲ. ಅಷ್ಟೇ."

ಗಿವೆನ್ಸ್ ಮನೆಯವರ ಮೊದಲ ಆಲ್ಬಂ ಬಂದಾಗ ಟ್ರೆಸಾಗೆ ಹತ್ತೊಂಬತ್ತು. ಮಿಂಚುವ ಬೂಟು ಹಾಕಿಕೊಂಡು, ಟ್ರಕ್ಕಿನ ಹಿಂದೆ ಕೂತು ಬೆಳದಿಂಗಳು ನೋಡುವ ಹುಡುಗ ಹುಡುಗಿಯ ಬಗ್ಗೆ ಹಾಡಿದ್ದಳು. ಹಾಡು ಊರೂರು ಸುತ್ತಿತು, ಅದರ ಹಿಂದೆ ಮನೆಯವರೆಲ್ಲಾ ಬಸ್ಸಿನಲ್ಲಿ ಸುತ್ತಿದರು. ಅಪ್ಪ, ಅಮ್ಮ, ಮೂರು ಮಕ್ಕಳು, ಒಂದು ಬಸ್ಸು... ಎಂಥ ಸುಖೀ ಸಂಸಾರ ಎಂದು ಜನ ಬಾಯಿ ತುಂಬ ಹೊಗಳಿದರು.

ಆ ಪ್ರವಾಸ ಮುಗಿಯುವ ಮೊದಲೇ ಅಮ್ಮ ಬಸ್ಸಿನಿಂದ ಇಳಿದು ಹೋದಳು. ಈಗ ಚಟನೂಗಾದಲ್ಲಿ ಒಬ್ಬಳೇ ಇದ್ದಾಳೆ. ಮಕ್ಕಳಿಗೆ ಫೋನ್ ಮಾಡುತ್ತಾಳೆ, ಗಂಡನ ಹೆಸರೆತ್ತುವುದಿಲ್ಲ.

ವರ್ನನ್ ಮಾತ್ರ ಇವತ್ತಿಗೂ ಬಸ್ಸಿನಲ್ಲಿ ಊಟಕ್ಕೆ ಐದು ತಟ್ಟೆ ಇಡುತ್ತಾರೆ. ಆಮೇಲೆ ನೆನಪಾಗಿ ಒಂದನ್ನು ಸದ್ದಿಲ್ಲದೆ ಎತ್ತಿಡುತ್ತಾರೆ.

ಟ್ರೆಸಾ ಬರೆದದ್ದು ಆ ತಟ್ಟೆಯ ಬಗ್ಗೆ. ಎರಡನೇ ಆಲ್ಬಂನಲ್ಲೂ ಅದೇ ಬೆಳದಿಂಗಳು, ಅದೇ ಬೂಟು ಹಾಡಲು ಅವಳಿಂದ ಸಾಧ್ಯವಿರಲಿಲ್ಲ. 'ನಾವು ಬೆಳೆದಿದ್ದೀವಿ. ನಮ್ಮ ಹಾಡೂ ಬೆಳೀಬೇಕು.'

"ಬಿಡಲ್ಲ ಅಪ್ಪಾ" ಅಂದಳು. "ಭಾನುವಾರ ಹಾಡು ಬರೆಯೋರು ಸೇರೋ ಆ ಕೆಫೆಯಲ್ಲಿ ಹಾಡ್ತೀನಿ. ನೀವೂ ಬನ್ನಿ. ಹಾಡ್ತಿರೋವಾಗ ಒಬ್ಬರೇ ಒಬ್ಬರು ಎದ್ದು ಹೋದ್ರೂ ನಾನೇ ಇದನ್ನ ಆಲ್ಬಂನಿಂದ ತೆಗೀತೀನಿ. ಯಾರೂ ಹೋಗ್ಲಿಲ್ಲ ಅಂದ್ರೆ ನೀವು ಒಪ್ಕೋಬೇಕು."

"ಹಟಮಾರಿ" ಎಂದು ಗೊಣಗಿದರೂ ವರ್ನನ್ ಒಪ್ಪಿದರು.

ಆ ವಾರವಿಡೀ ಹಾಲಿಸ್ ಉಳಿದ ಹಾಡುಗಳಿಗೆ ನುಡಿಸಿದ. ಅದೇ ಟ್ರೆಸಾಗೆ ದೊಡ್ಡ ತಲೆನೋವಾಯಿತು. ಮಡಿಲ ಮುಂದೆ ಮಲಗಿಸಿದ ಆ ವಾದ್ಯದ ತಂತಿಗಳ ಮೇಲೆ ಅವನ ಕೈಯ ಉಕ್ಕು ಜಾರಿದರೆ ಸಾಕು, ಅವಳೆದೆಯಲ್ಲಿ ಏನೋ ಕರಗುತ್ತಿತ್ತು. ಕಣ್ಣು ಮುಚ್ಚಿ, ಒಂದು ಹುಬ್ಬನ್ನು ಚೂರೇ ಎತ್ತಿ ನುಡಿಸುತ್ತಿದ್ದ. ಆ ಹುಬ್ಬು ಕೂಡ ಅವಳಿಗೆ ಇಷ್ಟವಾಗತೊಡಗಿತ್ತು.

'ಕೋಪ ಬರೋದು ಸರಿ... ಕೇಳ್ತಾನೇ ಇರೋಣ ಅನ್ಸೋದು ಯಾಕೆ?'

ಗುರುವಾರ ಮಧ್ಯಾಹ್ನ ಅವಳು ಮನೆಯಿಂದ ತಂದಿದ್ದ ಖಾರದ ಚಿಕನ್ನನ್ನು ಹಾಲಿಸ್ ಬೆರಳು ಚೀಪುತ್ತಾ ತಿನ್ನುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ನಮ್ಮ ಹಾಡು ಬೇಡ, ನಮ್ಮ ಊಟ ಆದ್ರೆ ಆಗತ್ತಾ?"

"ಊಟ ಚೆನ್ನಾಗಿದೆ" ಅವನು ಶಾಂತವಾಗಿ ಹೇಳಿದ. "ಹಾಡೂ ಚೆನ್ನಾಗಿದೆ."

"ತಮಾಷೆ ಮಾಡ್ತಿದ್ದೀರಾ?"

ಅವನ ಕೈ ಬಾಯಿಯ ಹತ್ತಿರವೇ ನಿಂತಿತು. "ನಿಮ್ಮ ತಂದೆಯವರು ನಿಮಗೆ ಹೇಳ್ಲಿಲ್ವಾ?"

"ಹೇಳಿದ್ರು. ಎಲ್ಲಾ ಹೇಳಿದ್ರು."

ಅವಳು ಮುಖ ತಿರುಗಿಸಿಕೊಂಡು ಹೊರಟುಹೋದಳು. ಎಲ್ಲಾ ಹೇಳಿದ ಮೇಲೂ ಇಷ್ಟು ಕೋಪವೇ ಎಂದು ಹಾಲಿಸ್ ಪೆಚ್ಚಾಗಿ ಕೂತ.

ಭಾನುವಾರ ಸಂಜೆ ಕೆಫೆ ತುಂಬಿತ್ತು. ಹಾಡು ಬರೆದವರು ನಡುವೆ ವೃತ್ತವಾಗಿ ಕೂರುವುದು, ಕೇಳುವವರು ಮೊಣಕೈ ತಾಗುವಷ್ಟು ಹತ್ತಿರ ಸುತ್ತಲೂ ಕೂರುವುದು ಆ ಕೆಫೆಯ ರೂಢಿ. ಅಲ್ಲಿ ಹಾಡುವಾಗ ಚಮಚ ಬಿದ್ದರೂ ಜನ ಗುರಾಯಿಸುತ್ತಾರೆ.

ತನ್ನ ಕುರ್ಚಿಯ ಪಕ್ಕದಲ್ಲೇ ಸ್ಟೀಲ್ ಗಿಟಾರ್ ಜೋಡಿಸುತ್ತಿದ್ದವನನ್ನು ಕಂಡು ಟ್ರೆಸಾ ಅಣ್ಣನ ತೋಳು ಚಿವುಟಿದಳು.

"ಇವನನ್ನ ಯಾರು ಕರೆದಿದ್ದು?"

"ನಾನೇ" ಅಂದ ಎಲ್ಲಿಸ್. "ಇವತ್ತಿನ ಉಳಿದ ಎರಡು ಹಾಡಿಗೆ ಬೇಕಲ್ಲ? ನಿನ್ನ ಕೋಪಕ್ಕೆ ನಾನು ಸ್ಟೀಲ್ ಗಿಟಾರ್ ಕಲಿಯೋಕಾಗತ್ತಾ?"

ಎರಡು ಹಾಡು ಮುಗಿದವು. ಮೂರನೆಯದು ಅವಳ ತಟ್ಟೆಯ ಹಾಡು. ಅವಳು ಗಿಟಾರ್ ಮೀಟುತ್ತಿದ್ದಂತೆ ಹಾಲಿಸ್ ತಂತಿಯ ಮೇಲಿದ್ದ ಎರಡೂ ಕೈ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಮತ್ತೆ! ಇಷ್ಟು ಜನರ ಮುಂದೆ!

ಅವಳ ಮೈ ಬೆಂಕಿಯಾಯಿತು. ಆದರೆ ಈ ಸಲ ಅವಳು ಹಾಡು ನಿಲ್ಲಿಸಲಿಲ್ಲ. 'ನೀನು ನುಡಿಸದಿದ್ರೆ ಹೋಯ್ತು. ಒಬ್ಬಳೇ ಹಾಡ್ತೀನಿ, ಕೇಳು.'

ಐದು ತಟ್ಟೆ ಇಟ್ಟ ಅಪ್ಪ, ಉಣ್ಣುವವರು ನಾಲ್ವರು,
ಒಂದನು ಮೆಲ್ಲಗೆ ಎತ್ತಿಟ್ಟ, ಏನೂ ಅನಲಿಲ್ಲ ಯಾರೂ...

'ಎತ್ತಿಟ್ಟ' ಎನ್ನುವಲ್ಲಿ ಅವಳ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಪಕ್ಕದಲ್ಲಿ ಯಾವ ವಾದ್ಯವೂ ಇರಲಿಲ್ಲ. ಒಡೆದ ದನಿಯಲ್ಲೇ ಮುಂದೆ ಹಾಡಿದಳು. ಎದುರಿನ ಮೇಜಿನ ಹೆಂಗಸು ಕರವಸ್ತ್ರ ತೆಗೆದಳು. ಯಾರೊಬ್ಬರೂ ಮಿಸುಕಲಿಲ್ಲ.

ಕೊನೆಯ ಚರಣಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಒಬ್ಬರು ಎದ್ದು, ತಲೆ ತಗ್ಗಿಸಿ, ಬಾಗಿಲು ತಳ್ಳಿಕೊಂಡು ಹೊರಗೆ ಹೋದರು.

ಅಪ್ಪ.

ಟ್ರೆಸಾ ಹಾಡು ಮುಗಿಸಿದಳು. ಚಪ್ಪಾಳೆ ಕಿವಿಗೆ ಬೀಳಲಿಲ್ಲ. 'ಒಬ್ಬರೇ ಒಬ್ಬರು ಎದ್ದು ಹೋದ್ರೂ...' ಅವಳು ಹಾಕಿದ ಷರತ್ತು ಅವಳ ಕೊರಳಿಗೇ ಬಂದಿತ್ತು. ಗಿಟಾರನ್ನು ಎಲ್ಲಿಸ್ ಕೈಗೆ ಕೊಟ್ಟು ಹೊರಗೋಡಿದಳು. ಹಾಡು ಮುಗಿಯುತ್ತಿದ್ದಂತೆಯೇ, ಅವಳಿಗಿಂತ ಮೊದಲು, ಪಕ್ಕದ ಹಾಲಿಸ್‌ನ ಕುರ್ಚಿ ಖಾಲಿಯಾಗಿತ್ತು.

ಬಸ್ಸಿಗೊರಗಿ ವರ್ನನ್ ನಿಂತಿದ್ದರು. ಎದುರಿಗೆ ಹಾಲಿಸ್.

"ಸರ್, ಅವತ್ತು ನಾನು ಹೇಳಿದ್ದನ್ನ ಅವರಿಗೆ ಪೂರ್ತಿ ಹೇಳಿದ್ರಾ ಇಲ್ವಾ?" ಅವನು ಕೇಳುತ್ತಿದ್ದ.

"ಏನು ಹೇಳಿದ್ದು?" ಟ್ರೆಸಾ ಹತ್ತಿರ ಬಂದಳು.

ಇಬ್ಬರೂ ತಿರುಗಿದರು. ವರ್ನನ್ ಅವರ ಕಣ್ಣು ಕೆಂಪಾಗಿತ್ತು.

"ನೀನೇ ಹೇಳಪ್ಪ" ಅಂದರು. "ನನ್ನ ಬಾಯಲ್ಲಿ ಬರಲ್ಲ."

ಹಾಲಿಸ್ ಅವಳತ್ತ ನೋಡಿ ನಿಧಾನವಾಗಿ ಹೇಳಿದ. "ನನ್ನ ವಾದ್ಯದ ಕೆಲಸ ಅಳೋದು. ಹಾಡೋರಿಗೆ ಆಗದೇ ಇದ್ದಾಗ ಅವರ ಪರವಾಗಿ ಅಳೋದು. ನಿಮ್ಮ ಎರಡನೇ ಚರಣಕ್ಕೆ ಅದು ಬೇಕಾಗಿಲ್ಲ. ನಾನು ನುಡಿಸಿದ್ರೆ ಜನ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ. ಈ ಹಾಡಿಗೆ ಯಾರನ್ನೂ ಹಾಕಬೇಡಿ ಸರ್, ಇಡೀ ಆಲ್ಬಂನ ಜೀವ ಇದೇ ಅಂತ ಅವತ್ತೇ ಹೇಳಿದ್ದೆ."

ಟ್ರೆಸಾ ಅಪ್ಪನತ್ತ ತಿರುಗಿದಳು. ವಾರವಿಡೀ ತಾನು ಬೈದುಕೊಂಡದ್ದು ಯಾರನ್ನು?

"ನಾನು ಅರ್ಧ ನುಂಗಿಬಿಟ್ಟೆ ಮಗಳೇ" ವರ್ನನ್ ಹೇಳಿದರು. "ಹೆಂಡ್ತಿ ಬಿಟ್ಟು ಹೋದೋನು ತಟ್ಟೆ ಎತ್ತಿಡೋದನ್ನ ಊರೆಲ್ಲಾ ಕೇಳೋದು ಬೇಡ ಅನ್ನಿಸ್ತು. ಎದ್ದು ಬಂದೋನು ನಾನೊಬ್ಬನೇ. ಷರತ್ತಿನ ಪ್ರಕಾರ ಗೆದ್ದಿದ್ದೀನಿ. ಆದ್ರೆ ಒಳಗೆ ಇನ್ನೊಂದು ನಿಮಿಷ ಕೂತಿದ್ರೆ ಜೋರಾಗಿ ಅತ್ತುಬಿಡ್ತಿದ್ದೆ."

ಅವಳು ಅಪ್ಪನ ಒರಟು ಕೈ ಹಿಡಿದುಕೊಂಡಳು.

"ನಿಮ್ಮನ್ನ ನಗೆಪಾಟಲು ಮಾಡೋಕೆ ಬರೆದಿಲ್ಲ ಅಪ್ಪಾ. ನೀವು ಆ ತಟ್ಟೆ ಇಡೋದು ನೋಡಿದಾಗೆಲ್ಲಾ... ಇಷ್ಟು ಪ್ರೀತಿ ನನಗೂ ಒಬ್ಬರ ಮೇಲೆ ಹುಟ್ಟಬೇಕು ಅನ್ಸತ್ತೆ. ಅದಕ್ಕೆ ಬರೆದೆ. ನಿಮಗೆ ಬೇಡ ಅಂದ್ರೆ ಷರತ್ತು ಷರತ್ತೇ, ತೆಗೀತೀನಿ. ಆದ್ರೆ ಇಷ್ಟು ನಿಜವಾಗಿರೋ ಹಾಡು ನಾನು ಇನ್ನೊಂದು ಬರೆದಿಲ್ಲ."

ವರ್ನನ್ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಟೋಪಿ ಸರಿಮಾಡಿಕೊಂಡರು.

"ನಾಳೆ ಬೆಳಗ್ಗೆ ರೆಕಾರ್ಡ್ ಮಾಡೋಣ. ಗಾಜಿನ ಆಚೆ ನಾನು ಕೂತಿರ್ತೀನಿ. ಎದ್ದು ಹೋಗಲ್ಲ."

ಅವರು ಎದ್ದು ಹೋಗಲಿಲ್ಲ. ಮರುದಿನ ಟ್ರೆಸಾ ಒಂದೇ ಗಿಟಾರ್ ಇಟ್ಟುಕೊಂಡು ಹಾಡಿದಳು. ಕೊನೆಯ ಸಾಲಿಗೆ ಮಾತ್ರ ಎಲ್ಲಿಸ್ ಮತ್ತು ಡೇಲ್ ದನಿಗೂಡಿಸಿದರು. ಹಾಲಿಸ್‌ನನ್ನು ಅವಳೇ ಫೋನ್ ಮಾಡಿ ಕರೆದಿದ್ದಳು. "ನುಡಿಸೋಕಲ್ಲ. ಸುಮ್ಮನೆ ಬನ್ನಿ." ಅವನು ಅವಳ ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಅವಳ ದನಿ ಮತ್ತೆ ಅದೇ ಜಾಗದಲ್ಲಿ ಒಡೆದಾಗ ಅವನ ಹುಬ್ಬು ಚೂರೇ ಎದ್ದದ್ದನ್ನು ಅವಳು ಓರೆಗಣ್ಣಲ್ಲಿ ನೋಡಿದಳು.

ಶರತ್ಕಾಲದಲ್ಲಿ ಆಲ್ಬಂ ಬಂತು. ಪೆಟ್ಟಿಗೆ ಬಿಚ್ಚಿದ ಸಂಜೆ ಬಸ್ಸು ಊರಾಚೆಯ ಬಯಲಿನಲ್ಲಿ ನಿಂತಿತ್ತು. ಆಲ್ಬಂ ನೋಡಲು ಬಂದಿದ್ದ ಹಾಲಿಸ್ ಹೊರಗೆ ನಿಂತು, ಅದರ ಒಳಪುಟದಲ್ಲಿ ಯಾವ ಹಾಡಿಗೆ ಯಾರು ನುಡಿಸಿದ್ದಾರೆ ಎಂದು ಓದುತ್ತಿದ್ದ. ಒಂದು ಸಾಲಿಗೆ ಬಂದಾಗ ಅವನ ಕಣ್ಣು ಅಲ್ಲೇ ನಿಂತಿತು. 'ಐದನೇ ತಟ್ಟೆ' ಹಾಡಿನ ಕೆಳಗೆ ಹೀಗೆ ಅಚ್ಚಾಗಿತ್ತು: ಪಕ್ಕದಲ್ಲಿ ಕೂತವರು, ಹಾಲಿಸ್ ಟೀಗ್.

ಒಳಗೆ ವರ್ನನ್ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದರು. ಕಾರ್ನ್‌ಬ್ರೆಡ್ಡಿನ ಘಮ ಬಸ್ಸನ್ನೆಲ್ಲಾ ತುಂಬಿತ್ತು. ಟ್ರೆಸಾ ಅಭ್ಯಾಸಬಲದಿಂದ ಎಣಿಸಿದಳು.

"ಅಪ್ಪಾ... ಆರು ಇಟ್ಟಿದ್ದೀರಿ."

"ಗೊತ್ತು" ಅಂದರು ವರ್ನನ್, ತಿರುಗದೆ. "ಐದನೇದು ನಿಮ್ಮಮ್ಮಂದು. ಅದನ್ನ ಎತ್ತಿಡೋದು ಬಿಟ್ಟಿದ್ದೀನಿ, ಅಲ್ಲೇ ಇರ್ಲಿ. ಆರನೇದು ಹೊರಗೆ ನಿಂತಿರೋ ಆ ಹುಡುಗಂದು. ಬೀನ್ಸ್ ತಣ್ಣಗಾಗತ್ತೆ, ಹೋಗಿ ಕರಿ."

ಡೇಲ್ ಕಿಸಕ್ಕನೆ ನಕ್ಕ. ಟ್ರೆಸಾ ಅವನ ತಲೆಗೊಂದು ಮೊಟಕಿ ಬಾಗಿಲಿಗೆ ಬಂದಳು. ಹಾಲಿಸ್ ಆ ಪುಟವನ್ನೇ ಹಿಡಿದು ನಿಂತಿದ್ದ.

"ನಾನು ನುಡಿಸೇ ಇಲ್ವಲ್ಲ ಟ್ರೆಸಾ ಅವರೇ. ಹೆಸರು ಯಾಕೆ?"

"ನನ್ನ ದನಿ ಒಡೆದಾಗ ಎಲ್ಲರೂ ಅದನ್ನ ಮುಚ್ಚೋಕೆ ನೋಡ್ತಾರೆ. ನೀನೊಬ್ಬನೇ ಕೈ ತೆಗೆದು ಕೇಳಿದ್ದು."

ಅವನು ಪುಟದಿಂದ ತಲೆಯೆತ್ತಿದ. ಕಿವಿ ಕೆಂಪಾಗಿತ್ತು.

"ಆವತ್ತಿಂದ ಬೇರೆ ಯಾರ ಹಾಡಿಗೆ ನುಡಿಸೋವಾಗ್ಲೂ ನಿನ್ನ ದನಿಯೇ ಕೇಳತ್ತೆ" ಅಂದ. "ಹೇಳೋಕೆ ಧೈರ್ಯ ಬರ್ಲಿಲ್ಲ."

"ಈಗ ಹೇಳಿದ್ಯಲ್ಲ. ಬಾ, ಅಪ್ಪ ನಿನಗೂ ತಟ್ಟೆ ಇಟ್ಟಿದ್ದಾರೆ."

ಅವನು ಆ ಪುಟವನ್ನು ಮೆಲ್ಲಗೆ ಮಡಿಸಿದ. ತಟ್ಟೆಯೊಂದರ ಬೆಲೆ ಆ ಮನೆಯಲ್ಲಿ ಎಷ್ಟೆಂದು ಅವನಿಗೆ ಗೊತ್ತಿತ್ತು.

"ಒಳಗೆ ಬಂದು ನಾನೇನು ಮಾಡ್ಲಿ?"

ಟ್ರೆಸಾ ಕೈ ಚಾಚಿದಳು. "ಏನೂ ಬೇಡ. ನನ್ನ ಪಕ್ಕದಲ್ಲಿ ಕೂತ್ಕೋ."

"ಅದು ನಂಗೆ ಬರತ್ತೆ" ಎಂದು ಅವನು ಆ ಕೈ ಹಿಡಿದು ಬಸ್ಸು ಹತ್ತಿದ.